ಹಬ್ಬದ ದೋಣಿ

ನನ್ನ ಮೊಮ್ಮಗಳು ನನ್ನನ್ನು ಕೈಹಿಡಿದು ತನ್ನ ಶಾಲೆಗೆ ಕರೆದುಕೊಂಡು ಹೋದಳು. ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಅಮೆರಿಕದಲ್ಲಿ ಮಗಳಿರುವ ಊರು ಫೇರ್‌ಫ್ಯಾಕ್ಸಿನ ಅಂಗಡಿಯಲ್ಲಿ ಮೆಂತ್ಯಸೊಪ್ಪು ಆರಿಸುತ್ತ ನಿಂತಿದ್ದ, ಗುರುತು ಪರಿಚಯವಿಲ್ಲದ ಹೆಂಗಸಿಗೂ ಹೇಳಿದೆ. ವಿಮಾನದಲ್ಲಿ ಪಕ್ಕದಲ್ಲಿ ಕೂತ ಗುಜರಾತಿ ಮುದುಕನಿಗೆ ಕೈಸನ್ನೆ ಮಾಡಿ ಹೇಳಿದೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ಅರವತ್ತು ದಾಟಿದ ಮೇಲೆ ಅಮೆರಿಕದ ಶಾಲೆಯ ಬಾಗಿಲು ದಾಟಿದೆ ಎಂದರೆ, ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತದೆಯೇ? ಆದರೆ ಪ್ರತಿ ಸಲ ಹೇಳುವಾಗಲೂ ಒಂದು ತುಂಡನ್ನು ಬಿಟ್ಟು ಹೇಳುತ್ತಿದ್ದೆ. ಆ ತುಂಡನ್ನೂ ಸೇರಿಸಿ ಈಗ ಬರೆಯುತ್ತಿದ್ದೇನೆ. ಅಕ್ಷರ ತಪ್ಪಿದರೆ ಮಗಳು ತಿದ್ದುತ್ತೇನೆ ಎಂದಿದ್ದಾಳೆ.

ತೊಂಬತ್ತರ ದಶಕದ ನಡುವಿನ ಮಾತು. ಮಗಳು ಫೇರ್‌ಫ್ಯಾಕ್ಸಿನ ಯೂನಿವರ್ಸಿಟಿಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು, ಅಳಿಯ ಸರ್ಕಾರದ ಕಂಪ್ಯೂಟರ್ ಕೆಲಸಕ್ಕೆ ಮೆಟ್ರೋ ಹಿಡಿದು ಹೋಗುತ್ತಿದ್ದ. ಆರು ತಿಂಗಳಿಗೆಂದು ನಾನು ಬಂದಿದ್ದೆ. ದಕ್ಷಿಣಕ್ಕೆ ಒಂದು ದಿನದ ದಾರಿ ದೂರದ ನಾರ್‌ಕ್ರಾಸಿನಲ್ಲಿದ್ದ ಮಗನ ಮನೆಯಲ್ಲಿ ಸೊಸೆಗೆ ದಿನ ತುಂಬುತ್ತಿತ್ತು. ಹೆರಿಗೆಯಾದ ಮೇಲೆ ಅಲ್ಲಿಗೆ ಹೋಗುವುದು ಎಂದು ಮಾತಾಗಿತ್ತು. ಅಲ್ಲಿಯವರೆಗೆ ಇಲ್ಲಿ, ಒಂಬತ್ತು ವರ್ಷದ ಮೊಮ್ಮಗಳ ಜೊತೆ.

ಒಂದು ಸಂಜೆ ಅವಳು ಶಾಲೆಯ ಚೀಲವನ್ನು ಅಡುಗೆಮನೆಯ ನೆಲದ ಮೇಲೆ ಎಸೆದು ಕೇಳಿದಳು.

"ಅಜ್ಜಿ, ನೀನು ಸ್ಟೀಮ್‌ಬೋಟ್ ನೋಡಿದ್ಯಾ?"

"ನೋಡೂದೆಂತ ಮಗಾ, ಕೂತಿದ್ದೇನೆ."

"ರಿಯಲಿ? ರಿಯಲ್ ಸ್ಟೀಮ್? ನಾಟ್ ಗ್ಯಾಸ್?"

"ಕಟ್ಟಿಗೆ ಉರಿಸೂದು. ಕೊಳವೆಯಿಂದ ಬುಸುಬುಸು ಹೊಗೆ. ಕೂಗಿದ್ರೆ ಆಚೆ ದಡದ ದನ ಎಲ್ಲ ಓಡೂದು."

ಅವಳು ಕುರ್ಚಿಯ ಮೇಲೆ ಹತ್ತಿ ನಿಂತು ಕಿರುಚಿದಳು. "ಮಾಮ್! ಅಜ್ಜಿ ಈಸ್ ಅ ಪ್ರೈಮರಿ ಸೋರ್ಸ್!"

ನನಗೆ ನಾಚಿಕೆಯಾಯಿತು. "ಪ್ರೈಮರಿ ನಾನು ಪೂರ್ತಿ ಮಾಡ್ಲಿಲ್ಲ ಮಗಾ. ಮೂರನೇ ಇಯತ್ತೆಗೇ ಬಿಡಿಸಿದ್ರು," ಎಂದೆ.

ಮಗಳು ಪಾತ್ರೆ ತೊಳೆಯುವುದನ್ನು ಬಿಟ್ಟು ನಕ್ಕಳು. "ಅಯ್ಯೋ ಅಮ್ಮಾ, ಅದು ಆ ಪ್ರೈಮರಿ ಅಲ್ಲ. ಕಣ್ಣಾರೆ ಕಂಡವರು ಅಂತ ಅರ್ಥ. ಸಾಕ್ಷಿ ಇದ್ದ ಹಾಗೆ. ಅವಳ ಕ್ಲಾಸಲ್ಲಿ ಎಲ್ಲರೂ ಬುಕ್ ನೋಡಿ ಬರೀತಾರೆ. ಇವಳಿಗೆ ನೀನೇ ಸಿಕ್ಕಿಬಿಟ್ಟೆ."

ಸಾಕ್ಷಿ ಎಂದ ಕೂಡಲೇ ನನ್ನ ನಗು ಅರ್ಧಕ್ಕೇ ನಿಂತಿತು. ಆದರೆ ಆ ಮಗು ನನ್ನ ಕುತ್ತಿಗೆಗೆ ಜೋತುಬಿದ್ದಿದ್ದಳು. ಮಾರನೇ ದಿನದಿಂದ ನನ್ನ ಕೆಲಸ ಶುರುವಾಯಿತು. ಅವಳ ಹತ್ತಿರ ಬಾಗಿಲಷ್ಟು ದೊಡ್ಡ ಬಿಳಿಯ ರಟ್ಟು ಇತ್ತು. ಅದರ ಮೇಲೆ ಡಬ್ಬಿಯಂಥ ಚೌಕ ಬರೆದು, ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಬಾಣದ ಗೆರೆ ಎಳೆಯಬೇಕು. ಯಾವುದರಿಂದ ಯಾವುದಾಯಿತು ಎಂದು ತೋರಿಸಬೇಕು. ಹಬೆಯ ದೋಣಿ ಬಂದದ್ದರಿಂದ ದೇಶದ ವ್ಯಾಪಾರ ಹೇಗೆ ಬದಲಾಯಿತು ಎನ್ನುವುದು ವಿಷಯ. ಅವಳ ಅಪ್ಪ ಕಂಪ್ಯೂಟರಿಗೆ ಫೋನಿನ ತಂತಿ ಸಿಕ್ಕಿಸಿ ಹುಡುಕಿ ಕೊಡುತ್ತಿದ್ದ. ಅಷ್ಟು ಹೊತ್ತೂ ಮನೆಗೆ ಫೋನು ಬರುತ್ತಿರಲಿಲ್ಲ, ನಾರ್‌ಕ್ರಾಸಿನಿಂದ ಸುದ್ದಿ ಬಂದರೇನು ಗತಿ ಎಂದು ನಾನು ಒದ್ದಾಡುತ್ತಿದ್ದೆ.

ಅವಳು ಓದಿದ್ದನ್ನು ನನಗೆ ತನ್ನ ಕನ್ನಡದಲ್ಲಿ ಹೇಳುತ್ತಿದ್ದಳು. "ಮೊದ್ಲು ನದಿ ಈಸ್ ಒನ್ ವೇ, ಅಜ್ಜಿ. ಕೆಳಗೆ ಹೋಗೋದು ಈಸಿ. ಮೇಲೆ ಬರೋದು ಮಂತ್ಸ್ ಅಂಡ್ ಮಂತ್ಸ್. ಆಮೇಲೆ ಸ್ಟೀಮ್ ಬಂತು. ಟೂ ವೇ ಆಯ್ತು! ಕಾಟನ್ ಕೆಳಗೆ ಹೋಯ್ತು, ಶುಗರ್ ಮೇಲೆ ಬಂತು, ಟೌನ್ಸ್ ಬೆಳೀತು."

"ನಮ್ಮಲ್ಲೂ ಹಾಂಗೇ ಮಗಾ," ಎಂದೆ. ಸುಳ್ಳಲ್ಲ, ಹಾಗೆಯೇ.

ನನ್ನ ಊರು ಶರಾವತಿ ದಂಡೆಯದು. ಕೆಳಗೆ ಸಮುದ್ರ ಸೇರುವಲ್ಲಿ ಹೊನ್ನಾವರ, ಮೇಲೆ ಘಟ್ಟದ ಬುಡದಲ್ಲಿ ಗೇರುಸೊಪ್ಪೆ. ಘಟ್ಟದ ಗಾಡಿಗಳು ಅಕ್ಕಿ, ಬೆಲ್ಲ, ಮೆಣಸು ಇಳಿಸಿ, ಉಪ್ಪು, ಒಣಮೀನು, ಬಟ್ಟೆ ಹೇರಿಕೊಂಡು ಹೋಗುತ್ತಿದ್ದವು. ನಡುವಿನ ಹೊಳೆಯಲ್ಲಿ ಸರಕು ಸಾಗಿಸುವವರು ನಾವು, ಅಂಬಿಗರು. ಸಮುದ್ರದ ಉಬ್ಬರ ನಮ್ಮ ಹೊಳೆಯೊಳಗೆ ಬಹಳ ದೂರ ಏರುತ್ತದೆ. ಉಬ್ಬರ ಏರುವಾಗ ದೋಣಿ ಮೇಲೆ ಹೋಗಬೇಕು, ಇಳಿಯುವಾಗ ಕೆಳಗೆ ಬರಬೇಕು. ತಪ್ಪಿದರೆ ನಡುದಾರಿಯಲ್ಲಿ ದೋಣಿ ಕಟ್ಟಿ ಕಾಯಬೇಕು. ಹಾಗೆ ಕಾಯುವ ಜಾಗದಲ್ಲಿ ಒಂದು ಕೇರಿಯೇ ಬೆಳೆದಿತ್ತು. ಗಂಜಿ ಮಾರುವ ಹೆಂಗಸರು, ಹಗ್ಗ ಹೊಸೆಯುವವರು, ದೋಣಿಗೆ ಎಣ್ಣೆ ಬಳಿಯುವವರು. ಕಾಯುವವರಿಂದಲೇ ಅವರ ಹೊಟ್ಟೆ ತುಂಬುತ್ತಿತ್ತು. ಅಪ್ಪನ ಹತ್ತಿರ ಗಡಿಯಾರವಿರಲಿಲ್ಲ. ನೀರಿಗೆ ಬೆರಳು ಅದ್ದಿ ಹೊತ್ತು ಹೇಳುತ್ತಿದ್ದ.

ಅಲ್ಲಿಗೆ ಹಬೆಯ ಲಾಂಚು ಬಂತು. ಅದಕ್ಕೆ ಉಬ್ಬರವೂ ಒಂದೇ, ಇಳಿತವೂ ಒಂದೇ. ಎರಡು ದಿನದ ದಾರಿ ಅರ್ಧ ದಿನವಾಯಿತು. ಉಪ್ಪು ಅಗ್ಗವಾಯಿತು. ಸೀಮೆಎಣ್ಣೆ, ಬೆಂಕಿಪೊಟ್ಟಣ, ಪೇಪರು ಮನೆ ಬಾಗಿಲಿಗೆ ಬಂದವು. ಬಜಾರು ಎರಡು ಪಟ್ಟು ಬೆಳೆಯಿತು. ಕಾಯುವ ಕೇರಿ ಮಾತ್ರ ಒಂದೆರಡು ಮಳೆಗಾಲ ಕಳೆಯುವುದರೊಳಗೆ ಖಾಲಿಯಾಯಿತು.

ಇಷ್ಟನ್ನೂ ಮೊಮ್ಮಗಳು ಸಂತೋಷದಿಂದ ಬರೆದುಕೊಂಡಳು. ಆಮೇಲೆ ಪೆನ್ಸಿಲ್ ಕಚ್ಚುತ್ತ ಕೇಳಿದಳು. "ಸ್ಟೀಮ್‌ಗೆ ಕನ್ನಡದಲ್ಲಿ ಏನು?"

"ಹಬೆ."

"ಹಬ್ಬ?"

"ಹಬ್ಬ ಅಲ್ಲ ಮಗಾ. ಹ, ಬೆ. ಇಡ್ಲಿ ಬೇಯುವಾಗ ಬರೂದಿಲ್ವಾ?"

"ದಟ್ಸ್ ವಾಟ್ ಐ ಸೆಡ್. ಹಬ್ಬ. ಹಬ್ಬ ದೋಣಿ." ಆಮೇಲೆ ರಟ್ಟಿನ ಮೇಲ್ಗಡೆ ಇಂಗ್ಲಿಷಿನಲ್ಲೂ, ಅವಳ ಅಮ್ಮ ಕಲಿಸಿದ್ದ ವಕ್ರ ವಕ್ರ ಕನ್ನಡದಲ್ಲೂ ಬರೆದೇಬಿಟ್ಟಳು. ಹಬ್ಬ ದೋಣಿ.

ಮಗಳು ಬಿದ್ದು ಬಿದ್ದು ನಕ್ಕಳು. ನಾನು ನಗಲಿಲ್ಲ. ಕಾಫಿ ಕುಡಿಯುವ ನೆವದಲ್ಲಿ ಎದ್ದು ಹಿಂದಿನ ಬಾಗಿಲಿಗೆ ಹೋಗಿ ನಿಂತೆ.

ಏಕೆಂದರೆ ಆ ಮಾತನ್ನು ನಮ್ಮ ಹೊಳೆಯ ಲಾಂಚಿಗೆ ಮೊದಲು ಹೇಳಿದವಳು ನಾನು. ನನಗೂ ಆಗ ಒಂಬತ್ತೇ ವರ್ಷ. ಪಕ್ಕದ ಮನೆಯ ಹೆಂಗಸು ಹೊನ್ನಾವರಕ್ಕೆ ಹೋಗುವಾಗ ನನ್ನನ್ನು ಲಾಂಚಿನಲ್ಲಿ ಕರೆದೊಯ್ದಿದ್ದಳು. ಬೆಚ್ಚನೆಯ ಹಿತ್ತಾಳೆ ಕೊಳವೆ ಮುಟ್ಟಿದ್ದೆ, ಕೂಗಿಗೆ ಕಿವಿ ಮುಚ್ಚಿ ನಕ್ಕಿದ್ದೆ. ಮನೆಗೆ ಬಂದವಳೇ ಅಪ್ಪನ ಮುಂದೆ ಕುಣಿದೆ. "ಅಪ್ಪಾ, ಹಬ್ಬದ ಹಾಂಗಿತ್ತು! ಹಬ್ಬದ ದೋಣಿ ಅದು! ನಮ್ಮ ದೋಣಿ ಅದರ ಮುಂದೆ ಎಂತದೂ ಅಲ್ಲ!"

ಆ ತಿಂಗಳು ಅಪ್ಪನಿಗೆ ಒಂದು ಮೂಟೆಯೂ ಸಿಕ್ಕಿರಲಿಲ್ಲ ಎಂದು ನನಗೇನು ಗೊತ್ತು! ಅವನು ಬೈಯಲಿಲ್ಲ. ಎದ್ದು, ಹುಲ್ಲಿನ ಮಾಡಿನ ಕೆಳಗೆ ಸಿಕ್ಕಿಸಿದ್ದ ಗಳದ ಮೇಲೆ ಕೈ ಇಟ್ಟ. ಗಳ ಎಂದರೆ ದೋಣಿ ದೂಡುವ ಬಿದಿರಿನ ಕೋಲು. ನಮ್ಮಲ್ಲಿ ಗಳ ಮುಟ್ಟಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. "ಈ ಮನೆಯವರು ಯಾರೂ ಇನ್ನು ಅದರ ಮೇಲೆ ಕಾಲಿಡೂದಿಲ್ಲ," ಎಂದ. ಅಮ್ಮ ಒಲೆಯ ಮುಂದಿನಿಂದಲೇ, "ಮಗುವಿನ ಮಾತಿಗೆ ಇದೆಂತ ಆಣೆ ಮಾರಾಯಾ," ಎಂದು ನಕ್ಕಳು. ಅವಳು ಆಗ ಬಸುರಿ.

ಆ ಆಣೆಯಿಂದಾಗಿ ಅಮ್ಮ ಸತ್ತಳು. ಆಣೆ ಹುಟ್ಟಿದ್ದು ನನ್ನ ಕುಣಿತದಿಂದ. ಐವತ್ತು ವರ್ಷಕ್ಕೂ ಮೇಲೆ ನಾನು ಹಾಗೆಯೇ ನಂಬಿಕೊಂಡು ಬಂದಿದ್ದೆ. ಗಂಡನಿಗೆ ಹೇಳಿರಲಿಲ್ಲ. ಮಗಳಿಗೆ ತನ್ನ ಅಜ್ಜಿ ಜ್ವರದಿಂದ ಹೋದಳು ಎಂದಷ್ಟೇ ಗೊತ್ತಿತ್ತು. ಈಗ ಈ ಮಗು ಯಾವುದರಿಂದ ಯಾವುದಾಯಿತು ಎಂದು ಗೆರೆ ಎಳೆಯುತ್ತಿದ್ದಾಳೆ, ಸಾಕ್ಷಿ ನಾನು. ಹೇಳಿದರೆ ನನ್ನ ಅಪ್ಪ ನಾಲ್ಕು ಜನರ ಮುಂದೆ ಹಟಮಾರಿ ಮೂರ್ಖನಾಗುತ್ತಾನೆ, ನಾನು ಏನಾಗುತ್ತೇನೋ. ಹೇಳದಿದ್ದರೆ, ನನ್ನನ್ನು ನಂಬಿ ಕುರ್ಚಿ ಹತ್ತಿ ಕಿರುಚಿದವಳಿಗೆ ಸುಳ್ಳು ಹೇಳಿದ ಹಾಗೆ. ಸದ್ಯಕ್ಕೆ ಸುಮ್ಮನಿರೋಣ ಎಂದುಕೊಂಡೆ.

ಅವಳು ಬಿಡಬೇಕಲ್ಲ! ಹಲ್ಲುಜ್ಜುವಾಗಲೂ ಪ್ರಶ್ನೆ. "ಅಜ್ಜಿ, ಲಾಂಚ್ ಬಂದ್ಮೇಲೆ ನಿನ್ನ ಡ್ಯಾಡಿ ಏನ್ ಮಾಡಿದ್ರು? ಅವರ ಬೋಟ್ ಏನಾಯ್ತು?" ನಾನು ಪ್ರತಿ ಸಲ ಬೇರೆ ಮಾತು ತೆಗೆಯುತ್ತಿದ್ದೆ.

ಅಷ್ಟರಲ್ಲಿ ನಾರ್‌ಕ್ರಾಸಿನಿಂದ ಫೋನು ಬಂತು. ಗಂಡು ಮಗು! ತಾಯಿ ಮಗು ಕ್ಷೇಮ. ನಾನು ಅಡುಗೆಮನೆಯಲ್ಲೇ ಗಿರಕಿ ಹೊಡೆದೆ, ಅಳಿಯನಿಗೂ ಬಾಯಿಗೆ ಸಕ್ಕರೆ ಹಾಕಿದೆ. ಶಾಲೆಗೆ ರಜೆ ಸಿಕ್ಕಿದ ದಿನವೇ ನಾಲ್ವರೂ ವ್ಯಾನು ಹತ್ತಿದೆವು. ರಟ್ಟು ಹಿಂದಿನ ಸೀಟಿನಲ್ಲಿ ಮಲಗಿತ್ತು. ನೇರ ದಾರಿ ಬಿಟ್ಟು ಕ್ಯಾರೊಲಿನಾದ ಒಂದು ನದಿಯ ಮೇಲೆ ಹೋಗೋಣ, ಅಲ್ಲಿ ಹಿಂದೆ ಸ್ಟೀಮ್‌ಬೋಟ್ ಓಡುತ್ತಿತ್ತು, ಪ್ರಾಜೆಕ್ಟಿಗೆ ಫೋಟೋ ಸಿಗುತ್ತದೆ ಎಂದ ಅಳಿಯ.

ಮಧ್ಯಾಹ್ನ ಆ ನದಿಯ ದಂಡೆಯಲ್ಲಿ ವ್ಯಾನು ನಿಲ್ಲಿಸಿದ.

"ಅತ್ತೆ, ಈ ನದಿ ಹೆಸರು ಕೇಪ್ ಫಿಯರ್. ಅಂದ್ರೆ ಭಯದ ಭೂಶಿರ."

"ಹೊಳೆಗೆ ಯಾರಾದ್ರೂ ಹಾಂಗೆ ಹೆಸರಿಡ್ತಾರಾ?"

"ಹೆದರಿಕೊಂಡವರು ಇಟ್ಟಿರ್ತಾರೆ ಬಿಡಿ. ಮೊಸರನ್ನ ಎಲ್ಲಿಟ್ರಿ?"

ಕಂದು ಬಣ್ಣದ ನೀರು, ಎರಡೂ ಕಡೆ ಎತ್ತರದ ಮಣ್ಣಿನ ದಂಡೆ, ಪೈನ್ ಮರಗಳು. ನಮ್ಮ ಹೊಳೆಯ ಹಾಗೆ ಇರಲೇ ಇಲ್ಲ. ಆದರೂ ನೀರಿನ ವಾಸನೆ ಮೂಗಿಗೆ ಬಿದ್ದ ಕೂಡಲೇ ನಾನು ದಂಡೆಯ ಅಂಚಿಗೆ ನಡೆದೆ. ದಂಡೆಯ ಮೇಲೆ ಚಿತ್ರವಿದ್ದ ಫಲಕ. ಮೊಮ್ಮಗಳು ಓದಿ ಹೇಳಿದಳು. ಇಲ್ಲಿಂದ ಪೈನಿನ ರಾಳ, ಟಾರು, ಹತ್ತಿ ಕೆಳಗೆ ಹೋಗುತ್ತಿತ್ತಂತೆ. ಮೇಲಕ್ಕೆ ಬಟ್ಟೆ, ಸಕ್ಕರೆ, ಉಪ್ಪು.

"ಉಪ್ಪಾ?" ಎಂದೆ.

"ಯೆಸ್, ಸಾಲ್ಟ್."

ಇಲ್ಲಿಯೂ ಉಪ್ಪು ಹೊಳೆ ಹತ್ತಿ ಹೋಗಿತ್ತು.

ಹಬೆ ಬರುವ ಮೊದಲಿನ ಒಂದು ಚಿತ್ರವೂ ಇತ್ತು. ಉದ್ದನೆಯ ದೋಣಿ, ಅಂಚಿನ ಮೇಲೆ ಸಾಲಾಗಿ ಕಪ್ಪು ಗಂಡಸರು, ಭುಜಕ್ಕೆ ಗಳ ಊರಿ ಮೈ ಬಗ್ಗಿಸಿ ನಡೆಯುತ್ತಿದ್ದಾರೆ. ಗಳದ ತುದಿ ಭುಜದ ಯಾವ ಗುಳಿಗೆ ಕೂರುತ್ತದೆ ಎಂದು ನನಗೆ ಗೊತ್ತು. ಅಪ್ಪನಿಗೆ ಅಲ್ಲಿ ಚರ್ಮ ಸತ್ತು ಕಾಸಿನಗಲ ಕಪ್ಪು ಕಟ್ಟಿತ್ತು, ನಾನು ಸಣ್ಣವಳಿದ್ದಾಗ ಅದನ್ನು ಉಗುರಿನಿಂದ ಕುಟ್ಟಿ ಆಡುತ್ತಿದ್ದೆ.

"ದೇ ವರ್ ಸ್ಲೇವ್ಸ್, ಅಜ್ಜಿ," ಎಂದಳು ಮಗು ಮೆಲ್ಲಗೆ. "ಅವರಿಗೆ ಚಾಯ್ಸ್ ಇರ್ಲಿಲ್ಲ." ಆಮೇಲೆ ತಾನು ಓದಿದ್ದೇನೋ ನೆನಪಾಗಿ ಮುಖ ಅರಳಿತು. "ಬೇರೆ ನದೀಲಿ ಏನ್ ಮಾಡ್ತಿದ್ರು ಗೊತ್ತಾ? ಬೋಟ್ ಮೇಲೆ ಬರೋಕೆ ಆಗಲ್ವಲ್ಲ? ಸೋ ಕೆಳಗೆ ಹೋಗಿ, ಬೋಟ್ ಬ್ರೇಕ್ ಮಾಡಿ, ವುಡ್ ಸೆಲ್ ಮಾಡಿ, ನಡ್ಕೊಂಡು ಮನೆಗೆ ಬರ್ತಿದ್ರು! ಹೌ ಫನ್ನಿ!"

"ನನ್ನ ಅಪ್ಪನೂ ದೋಣಿ ಒಡೆದು ಕಟ್ಟಿಗೆಗೆ ಮಾರಿದ," ಎಂದೆ.

ನಾಲಿಗೆಯಿಂದ ಜಾರಿಹೋಯಿತು. ಮಗು ನಗು ನಿಲ್ಲಿಸಿದಳು. ಅಳಿಯನಿಗೆ ಡಬ್ಬಿ ಕೊಡುತ್ತಿದ್ದ ಮಗಳು ತಿರುಗಿದಳು.

"ಯಾರಿಗೆ ಮಾರಿದ್ರು?" ಎಂದಳು ಮಗು.

"ಲಾಂಚಿನವರಿಗೆ. ಅದಕ್ಕೆ ಉರಿಸಲಿಕ್ಕೆ ಕಟ್ಟಿಗೆ ಬೇಕಲ್ಲ."

"ವೈ?"

ಬೆಂಚಿನ ಮೇಲೆ ಕೂತು, ಆ ನೀರನ್ನೇ ನೋಡುತ್ತ ಎಲ್ಲವನ್ನೂ ಹೇಳಿದೆ. ನನ್ನ ಕುಣಿತ, ಅಪ್ಪನ ಆಣೆ. ಆಮೇಲೆ ಆ ಬೆಳಿಗ್ಗೆ.

ಅಮ್ಮನಿಗೆ ನೋವು ಶುರುವಾಗಿ ಎರಡು ದಿನವಾಗಿತ್ತು. ಸೂಲಗಿತ್ತಿ ಕೈಚೆಲ್ಲಿದಳು, ಹೊನ್ನಾವರದ ಡಾಕ್ಟರ ಹತ್ತಿರ ಒಯ್ಯಿರಿ ಎಂದಳು. ದೋಣಿ ನಿಲ್ಲುವ ದಕ್ಕೆಯಲ್ಲಿ ಲಾಂಚು ಹೊಗೆ ಬಿಡುತ್ತ ನಿಂತಿತ್ತು. ಊರವರು ಅದರಲ್ಲಿ ಮಲಗಿಸು ಎಂದರು. ಅಪ್ಪ ಕೇಳಲಿಲ್ಲ. ಅಮ್ಮನನ್ನು ಎತ್ತಿ ನಮ್ಮ ದೋಣಿಯಲ್ಲಿ ಮಲಗಿಸಿದ. ನಾನು ಅಮ್ಮನ ತಲೆ ಹಿಡಿದು ಕೂತೆ. ಉಬ್ಬರ ಏರುವ ಹೊತ್ತು ಅದು, ನೀರು ಎದುರಿನಿಂದ ನುಗ್ಗುತ್ತಿತ್ತು. ನೀರಿಗೆ ಬೆರಳಿಟ್ಟು ಹೊತ್ತು ಹೇಳುವವನು ಅಂದು ನೀರಿನ ವಿರುದ್ಧ ಗಳ ಹಾಕಿದ. ಎಷ್ಟು ದೂಡಿದರೂ ದಡದ ಅದೇ ಮಾವಿನಮರ ಕಾಣುತ್ತಿತ್ತು. ಹಿಂದಿನಿಂದ ಲಾಂಚು ಬಂತು. ವೇಗ ತಗ್ಗಿಸಿ ಪಕ್ಕಕ್ಕೆ ಬಂದಿತು. ಮೇಲಿನಿಂದ ಒಬ್ಬ ಕೂಗಿದ. "ಹಗ್ಗ ಎಸೀತೇನೆ, ಕಟ್ಟಿಕೋ! ದೋಣಿ ಸಮೇತ ಎಳ್ಕೊಂಡು ಹೋಗ್ತೇವೆ. ನೀ ಲಾಂಚು ಹತ್ತೂದು ಬೇಡ ಮಾರಾಯಾ!"

ಅಪ್ಪ ತಿರುಗಲಿಲ್ಲ.

ಹಗ್ಗ ನೀರಿಗೆ ಬಿತ್ತು. ನನ್ನ ಕೈಗೆ ಸಿಗುವಷ್ಟು ಹತ್ತಿರ ಬಿತ್ತು. ನಾನು ಅಮ್ಮನ ತಲೆ ಬಿಡಲಿಲ್ಲ. ಲಾಂಚು ಸ್ವಲ್ಪ ಹೊತ್ತು ನೋಡಿ ಮುಂದೆ ಹೋಯಿತು. ಅದರ ಅಲೆಗೆ ನಮ್ಮ ದೋಣಿ ಹೊಯ್ದಾಡಿದಾಗ ಅಮ್ಮ ಒಂದು ಸಲ ಕಣ್ಣು ಬಿಟ್ಟಳು. ಉಬ್ಬರ ನಿಂತು ನೀರು ತಿರುಗುವ ಹೊತ್ತಿಗೆ ಅವಳೂ ಇರಲಿಲ್ಲ, ಹೊಟ್ಟೆಯಲ್ಲಿದ್ದದ್ದೂ ಇರಲಿಲ್ಲ.

ಹದಿಮೂರನೇ ದಿನ ಕಳೆದ ಮೇಲೆ ಅಪ್ಪ ದೋಣಿಯನ್ನು ದಡಕ್ಕೆಳೆದು ಕೊಡಲಿ ಹಾಕಿದ. ಹಲಗೆಗಳನ್ನು ತಲೆಯ ಮೇಲೆ ಹೊತ್ತು ಲಾಂಚಿನ ಕಟ್ಟಿಗೆ ರಾಶಿಗೆ ಹಾಕಿ ಬಂದ. ಆಮೇಲೆ ಅಲ್ಲೇ ಕಟ್ಟಿಗೆ ಹೊರುವ ಕೆಲಸಕ್ಕೆ ನಿಂತ. ಹೊರೆ ಒಯ್ದು, ದಡದಿಂದ ಲಾಂಚಿಗೆ ಹಾಕಿದ ಹಲಗೆಯ ಈ ತುದಿಯಲ್ಲಿ ಇಡುತ್ತಿದ್ದ, ಒಳಗಿನವರು ಎತ್ತಿಕೊಳ್ಳುತ್ತಿದ್ದರು. ಲಾಂಚಿನ ಮೇಲೆ ಮಾತ್ರ ಅವನು ಎಂದೂ ಕಾಲಿಡಲಿಲ್ಲ. ನನ್ನನ್ನು ಶಾಲೆ ಬಿಡಿಸಿದ್ದು ಆಗಲೇ, ಗಂಜಿ ಬೇಯಿಸುವವರು ಬೇಕಲ್ಲ.

ಹೇಳಿ ಮುಗಿಸಿದಾಗ ಮಗಳು ನನ್ನ ಹಿಂದೆ ನಿಂತಿದ್ದಳು. "ಅಮ್ಮಾ, ನಂಗೆ ಯಾವತ್ತೂ ಹೇಳ್ಲೇ ಇಲ್ವಲ್ಲ ನೀನು," ಎಂದಳು.

"ನೀನು ಕೇಳಲಿಲ್ಲ. ಇವಳು ಕೇಳಿದ್ಳು."

ಅಳಿಯ ಮೊಸರನ್ನದ ಡಬ್ಬಿ ಹಿಡಿದುಕೊಂಡೇ ನೀರಿನ ಕಡೆ ನಡೆದುಹೋದ. ಮೊಮ್ಮಗಳು ಏನೂ ಬರೆದುಕೊಳ್ಳಲಿಲ್ಲ. ನನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನಿನ್ನ ಡ್ಯಾಡಿಗೆ ಚಾಯ್ಸ್ ಇತ್ತಾ ಅಜ್ಜಿ?" ಎಂದು ಕೇಳಿದಳು.

ನಾರ್‌ಕ್ರಾಸಿನಲ್ಲಿ ಮೊಮ್ಮಗನನ್ನು ಮಡಿಲಿಗೆ ಹಾಕಿದರು. ಕೆಂಪಗೆ, ಮುಷ್ಟಿ ಬಿಗಿದುಕೊಂಡು, ಹಸಿ ಹಾಲಿನ ವಾಸನೆ. ಸೊಸೆಗೂ ಹೆರಿಗೆ ಕಷ್ಟವಾಗಿತ್ತಂತೆ, ಕೊನೇ ಗಳಿಗೆಯಲ್ಲಿ ಕೊಯ್ದು ತೆಗೆದರಂತೆ. ಮಗ ಅದನ್ನು ಬಹಳ ಸಲೀಸಾಗಿ ಹೇಳಿದ. "ಆಸ್ಪತ್ರೆ ಹದಿನೈದೇ ನಿಮಿಷ ಅಮ್ಮಾ, ನಾನೇ ಡ್ರೈವ್ ಮಾಡ್ದೆ." ನಾನು ಮಗುವಿನ ಪಾದಕ್ಕೆ ಮುಖ ಒತ್ತಿ ಅತ್ತೆ. ಸೊಸೆ ಸಂತೋಷಕ್ಕೆ ಅಳುತ್ತಿದ್ದಾರೆ ಎಂದುಕೊಂಡಳು. ಸಂತೋಷವೂ ಇತ್ತು, ಇಲ್ಲವೆನ್ನುವುದಿಲ್ಲ. ಕೊಡಗಟ್ಟಲೆ ಇತ್ತು.

ಎರಡನೆಯ ದಿನ ಮೊಮ್ಮಗಳು ರಟ್ಟನ್ನು ನೆಲದ ಮೇಲೆ ಹಾಸಿದಳು. ನಾನು ಕೂಸನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತೆ. ಮೇಲಿನ ಅರ್ಧಕ್ಕೆ ಅಮೆರಿಕ, ಕೆಳಗಿನ ಅರ್ಧಕ್ಕೆ ನಮ್ಮ ಹೊಳೆ. ನನಗೆ ಇಂಗ್ಲಿಷು ಬಾರದು, ಆದರೆ ಬಾಣದ ಗೆರೆ ಯಾರಿಗೂ ತಿಳಿಯುತ್ತದೆ. ಅವಳು ಒಂದೊಂದೇ ಡಬ್ಬಿ ತೋರಿಸಿ ಹೇಳಿದಳು. ಲಾಂಚು ಬಂತು. ಅಲ್ಲಿಂದ ಒಂದು ಬಾಣ, ಉಪ್ಪು ಅಗ್ಗ. ಇನ್ನೊಂದು ಬಾಣ, ಬಜಾರು ದೊಡ್ಡದು. ಮತ್ತೊಂದು, ಕಾಯುವ ಕೇರಿ ಖಾಲಿ. ಮತ್ತೊಂದು, ಮುತ್ತಜ್ಜನಿಗೆ ಕೆಲಸವಿಲ್ಲ. ಅದರಿಂದ, ಮುತ್ತಜ್ಜನ ಆಣೆ. ಅದರಿಂದ, ಮುತ್ತಜ್ಜಿ.

"ನನ್ನ ಡಬ್ಬಿ ಎಲ್ಲಿ?" ಎಂದೆ.

ಅವಳು ಯೋಚಿಸಿದಳು. ಲಾಂಚಿನ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಚೌಕ ಬರೆದು, ಒಳಗೆ ಎರಡು ಜಡೆಯ, ನಗುವ ಹುಡುಗಿಯ ಮುಖ ಬರೆದಳು. ಲಾಂಚಿನಿಂದ ಆ ಚೌಕಕ್ಕೆ ಬಾಣ ಎಳೆದಳು. "ಅಜ್ಜಿ ವಾಸ್ ಹ್ಯಾಪಿ," ಎಂದಳು.

"ಸರಿ. ಈಗ ಇಲ್ಲಿಂದ ಆಣೆಗೆ ಒಂದು ಗೆರೆ ಎಳಿ."

"ನೋ."

"ಎಂತಕ್ಕೆ?"

"ದಟ್ಸ್ ನಾಟ್ ಅ ಕಾಸ್, ಅಜ್ಜಿ. ಅದ್ರಿಂದ ಇದಾಗ್ಲಿಲ್ಲ."

"ನಾನು ಕಂಡವಳು ಮಗಾ. ನಾನೇ ಸಾಕ್ಷಿ ಅಂತ ನೀನೇ ಹೇಳಿದ್ದಲ್ವಾ?"

"ಸೋರ್ಸ್ ಹೇಳಬಹುದು. ಡ್ರಾ ಮಾಡೋದು ನಾನು. ಟೀಚರ್ ಹಾಗೇ ಹೇಳಿದ್ದಾರೆ."

ನನಗೆ ಎಲ್ಲಿಂದ ಬಂತೋ ಸಿಟ್ಟು. ಕೂಸನ್ನು ಎಡಗೈಗೆ ಬದಲಾಯಿಸಿ, ಪೆನ್ಸಿಲ್ ಕಿತ್ತುಕೊಂಡು, ಆ ನಗುವ ಮುಖದಿಂದ ಆಣೆಯ ಡಬ್ಬಿಯವರೆಗೆ ಒತ್ತಿ ಗೆರೆ ಎಳೆದೆ. ತುದಿಗೆ ಬಾಣದ ಮೂತಿಯನ್ನೂ ಹಾಕಿದೆ. ಅವಳು ನನ್ನ ಮುಖ ನೋಡಿದಳು. ರಬ್ಬರ್ ತೆಗೆದುಕೊಂಡು, ನಾಲಿಗೆ ಕಚ್ಚಿಕೊಂಡು, ಅಷ್ಟನ್ನೂ ಉಜ್ಜಿ ಅಳಿಸಿದಳು. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅಮ್ಮಾ, ಬಿಡು. ಪ್ರಾಜೆಕ್ಟ್ ಅವಳದು," ಎಂದಳು.

ಫೇರ್‌ಫ್ಯಾಕ್ಸಿಗೆ ಮರಳಿದ ವಾರ ಶಾಲೆಗೆ ಹೋದೆ. ರೇಷ್ಮೆ ಸೀರೆ ಉಟ್ಟಿದ್ದೆ, ಅಳಿಯ ಕಾರಿನ ಬಾಗಿಲು ತೆಗೆದು "ಚೀಫ್ ಗೆಸ್ಟ್ ಬಂದ್ರು" ಎಂದು ತಮಾಷೆ ಮಾಡಿದ. ಮೊಮ್ಮಗಳು ಕೈಹಿಡಿದು ಒಳಗೆ ಕರೆದೊಯ್ದಳು. ಮಕ್ಕಳೆಲ್ಲ ನನಗಾಗಿ ಚಪ್ಪಾಳೆ ತಟ್ಟಿದರು. ನಾನು ಲಾಂಚಿನ ಕೂಗನ್ನು ಬಾಯಿಯಿಂದಲೇ ಕೂಗಿ ತೋರಿಸಿದೆ, ಅವರೂ ಕೂಗಿದರು, ಪಕ್ಕದ ಕ್ಲಾಸಿನ ಮಕ್ಕಳು ಓಡಿಬಂದರು. ಜನರಿಗೆಲ್ಲ ನಾನು ಇಲ್ಲಿಯವರೆಗೆ ಹೇಳುತ್ತಿದ್ದೆ.

ಮುಂದಿನದು ಇಷ್ಟು. ಮೊಮ್ಮಗಳು ರಟ್ಟಿನ ಮುಂದೆ ನಿಂತು ಒಂದೊಂದೇ ಡಬ್ಬಿಯ ಮೇಲೆ ಬೆರಳಿಟ್ಟು ಹೇಳುತ್ತ ಹೋದಳು. ಕೊನೆಯ ಡಬ್ಬಿಗೆ ಬಂದಾಗ ಮಕ್ಕಳ ಗದ್ದಲ ನಿಂತಿತು. ಟೀಚರು ಹತ್ತಿರ ಬಂದು ಬಗ್ಗಿ ನೋಡಿದರು. ನಗುವ ಮುಖದ ಪಕ್ಕದಲ್ಲಿ, ನಾನು ಒತ್ತಿ ಎಳೆದ ಗೆರೆಯ ತಗ್ಗು ರಟ್ಟಿನಲ್ಲಿ ಹಾಗೇ ಉಳಿದಿತ್ತು, ಅದರ ಮೇಲೆ ಬೆರಳಾಡಿಸಿ ಏನೋ ಕೇಳಿದರು. ಮಗು ಏನೋ ಹೇಳಿದಳು. ಟೀಚರು ನನ್ನ ಕಡೆ ತಿರುಗಿ ನೋಡಿದರು.

ಕಾರಿನಲ್ಲಿ ಕೇಳಿದೆ. "ಎಂತ ಕೇಳಿದ್ರು ಮಗಾ ಅವ್ರು?"

"ಇಲ್ಲಿ ಏನಿತ್ತು ಅಂತ."

"ನೀನೆಂತ ಅಂದೆ?"

"ಅಜ್ಜಿ ಒಂದು ಆ್ಯರೋ ಹಾಕಿದ್ರು. ನಾನು ತೆಗ್ದೆ. ಶೀ ವಾಸ್ ಓನ್ಲಿ ನೈನ್ ಅಂದೆ."

ನೈನ್ ಎಂದರೆ ಒಂಬತ್ತು ಎಂದು ನನಗೆ ಗೊತ್ತಿತ್ತು. ಕಿಟಕಿಯ ಕಡೆ ಮುಖ ಮಾಡಿ ಕೂತೆ. ಬೆಲ್ಟ್‌ವೇ ಎನ್ನುವ ಹೆದ್ದಾರಿಯಲ್ಲಿ ಸಾವಿರ ಕಾರು ಒಂದರ ಹಿಂದೊಂದು ನಿಂತಿದ್ದವು.

ಆ ಮಗು ಅಳಿಸಿದ್ದನ್ನು ನಾನು ಪೂರ್ತಿ ನಂಬಿದ್ದೇನೆ ಎನ್ನಲಾರೆ. ಹಗ್ಗ ನನ್ನ ಕೈಯಳತೆಯಲ್ಲೇ ಬಿದ್ದಿತ್ತು. ಆದರೆ ಅಂದಿನಿಂದ ಒಂದು ಯೋಚನೆ ಹತ್ತಿಕೊಂಡಿದೆ. ಅಮ್ಮ ಹೋದ ಮೇಲೆ ಅಪ್ಪ ಇಪ್ಪತ್ತು ವರ್ಷದ ಮೇಲೆ ಬದುಕಿದ. ಅಷ್ಟು ವರ್ಷದಲ್ಲಿ ಆ ಕುಣಿತದ ಬಗ್ಗೆ ನನಗೆ ಒಂದು ಮಾತೂ ಬೈಯಲಿಲ್ಲ. ಬೈಯದಿರುವುದೇ ನನ್ನ ತಪ್ಪಿಗೆ ಗುರುತು ಎಂದು ನಾನು ತಿಳಿದಿದ್ದೆ. ಅವನ ಲೆಕ್ಕದಲ್ಲಿ ನನ್ನಿಂದ ಗೆರೆಯೇ ಇರಲಿಲ್ಲವೋ ಏನೋ. ಎಲ್ಲ ಗೆರೆಯನ್ನೂ ತನ್ನ ಕಡೆಗೇ ಎಳೆದುಕೊಂಡು, ದಿನಾ ಆ ಹಲಗೆಯ ತುದಿಯಲ್ಲಿ ಹೊರೆ ಇಳಿಸುತ್ತಿದ್ದನೋ ಏನೋ. ಗಂಜಿ ಬಡಿಸುವಾಗ ಒಂದು ದಿನವಾದರೂ ಕೇಳಬಹುದಿತ್ತು. ಇಬ್ಬರೇ ಇದ್ದೆವು ಮನೆಯಲ್ಲಿ.

ಕೇಳಲಿಲ್ಲ.